ಹಾಲುಹಲ್ಲು ಹುಳುಕಾಗದಂತೆ ಕಾಯುವುದು ಹೇಗೆ?

‘ಹೇಗೂ ಬಿದ್ದುಹೋಗುವ ಹಲ್ಲು ತಾನೇ’ ಎಂಬ ಉದಾಸೀನದಿಂದಲೇ ಎಷ್ಟೋ ಮಕ್ಕಳ ಹಾಲುಹಲ್ಲುಗಳು ಹಾಳಾಗುತ್ತವೆ. ಸಾಮಾನ್ಯವಾಗಿ ಆರನೇ ತಿಂಗಳ ಆಸುಪಾಸಿನಲ್ಲಿ ಮೂಡತೊಡಗಿ ಮೂರು ವರ್ಷದೊಳಗೆ 20 ಆಗುವ ಈ ಹಲ್ಲುಗಳಲ್ಲಿ ಮುಂದಿನವು 6–7ನೇ ವಯಸ್ಸಿಗೆ ಬೀಳುತ್ತವೆಯಾದರೂ, ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೂ ಕೆಲಸ ಮಾಡಬೇಕು. ಅವನ್ನು ಅವಧಿಗೆ ಮುನ್ನವೇ ಕೀಳಿಸಬೇಕಾಗಿ ಬಂದರೆ ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿಕೊಂಡು, ಮುಂದೆ ಬರಬೇಕಾದ ಶಾಶ್ವತ ಹಲ್ಲಿಗೆ ಸ್ಥಳವೇ ಇಲ್ಲದಂತಾಗಬಹುದು.

ಹಲ್ಲು ಬರುವ ಮುನ್ನ ಮಾಡಬೇಕಾದದ್ದು ಹೆಚ್ಚೇನಿಲ್ಲ. ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ವಸಡನ್ನು ಮೃದುವಾಗಿ ಒರೆಸಿದರೆ ಸಾಕು. ಮೊದಲ ಹಲ್ಲು ಕಾಣಿಸಿದ ದಿನದಿಂದ ಮಾತ್ರ ಬ್ರಷ್ ಬೇಕು. ಎಳೆಗಳು ಮೃದುವಾಗಿರುವ, ತಲೆ ಚಿಕ್ಕದಾಗಿರುವ ಬ್ರಷ್ಷಿಗೆ, ಮೂರು ವರ್ಷದೊಳಗಿನ ಮಗುವಾದರೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದ ಮಗುವಾದರೆ ಬಟಾಣಿಯಷ್ಟು ಫ್ಲೋರೈಡ್ (ಹಲ್ಲನ್ನು ಹುಳುಕಿನಿಂದ ಕಾಯುವ ಖನಿಜಾಂಶ) ಇರುವ ಪೇಸ್ಟ್ ಹಾಕಿ ದಿನಕ್ಕೆರಡು ಬಾರಿ ಉಜ್ಜಬೇಕು. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಹಚ್ಚಿ ತೋರಿಸುವ ಪೇಸ್ಟನ್ನು ನೋಡಿ ಮೋಸಹೋಗಬೇಡಿ, ಮಗುವಿಗೆ ಅಷ್ಟು ಬೇಡವೇ ಬೇಡ. ಉಜ್ಜಿದ ನಂತರ ನೊರೆಯನ್ನು ಉಗುಳಿಸಿದರೆ ಸಾಕು. ನೀರಿನಿಂದ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ.

ಮಗು ತಾನೇ ಉಜ್ಜಿಕೊಳ್ಳುತ್ತೇನೆಂದು ಹಟ ಹಿಡಿದರೆ ಬಿಡಿ, ಆದರೆ ಆಮೇಲೆ ಬ್ರಷ್ಷನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಹಿಂದಿನ ಹಲ್ಲುಗಳ ಸಂದಿಯವರೆಗೆ ಕೈ ತಿರುಗಿಸುವ ಹಿಡಿತ ಮಕ್ಕಳಿಗೆ 7–8 ವರ್ಷದವರೆಗೂ ಬರುವುದಿಲ್ಲ. ಮಗುವಿನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೇಲಿನಿಂದ ನೋಡುತ್ತಾ ಉಜ್ಜಿದರೆ ಹಿಂದಿನ ಹಲ್ಲುಗಳೂ ಕಾಣುತ್ತವೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ರಾತ್ರಿಯಲ್ಲಿ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚದ ಖನಿಜಾಂಶವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಆಮ್ಲವನ್ನು ತಗ್ಗಿಸಿ ಖನಿಜವನ್ನು ಮರಳಿ ತುಂಬುತ್ತದೆ, ನಿದ್ದೆಯಲ್ಲಿ ಅದರ ಸ್ರವಿಕೆಯೇ ಕಡಿಮೆ. ಹಾಲಿನ ಅಥವಾ ಹಣ್ಣಿನ ರಸದ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆಹೋದರೆ, ಮೊದಲೇ ಕವಚ ತೆಳ್ಳಗಿರುವ ಹಾಲುಹಲ್ಲುಗಳು ಆ ಸಿಹಿಯಲ್ಲಿ ಗಂಟೆಗಟ್ಟಲೆ ನೆನೆಯುತ್ತವೆ. ಆದ್ದರಿಂದ ಹಾಲು ಕುಡಿಸುವುದು ಮೊದಲು, ಹಲ್ಲುಜ್ಜುವುದು ನಂತರ. ಅದಾದ ಮೇಲೆ ನೀರು ಮಾತ್ರ. ರಾತ್ರಿ ಕೊಡುವ ಸಿಹಿ ಔಷಧವನ್ನೂ ಹಲ್ಲುಜ್ಜುವ ಮುಂಚೆಯೇ ಕುಡಿಸುವುದು ಒಳ್ಳೆಯದು.

ಹಗಲಿನಲ್ಲಿ ಸಿಹಿ ಎಷ್ಟು ತಿಂದಿತು ಎನ್ನುವುದರ ಜೊತೆಗೆ ಎಷ್ಟು ಬಾರಿ ತಿಂದಿತು ಎನ್ನುವುದೂ ಮುಖ್ಯ. ಊಟದ ಜೊತೆಗೇ ತಿಂದು ಮುಗಿಸಿದ ಸಿಹಿಗಿಂತ, ದಿನವಿಡೀ ಚೀಪುವ ಮಿಠಾಯಿ ಅಥವಾ ಗುಟುಕು ಗುಟುಕಾಗಿ ಹೀರುವ ಜ್ಯೂಸ್ ಹೆಚ್ಚು ಹಾನಿ ಮಾಡುತ್ತದೆ.

ತಿಂಗಳಿಗೊಮ್ಮೆಯಾದರೂ ಮಗುವಿನ ಮೇಲ್ದುಟಿಯನ್ನು ಎತ್ತಿ ಬೆಳಕಿನಲ್ಲಿ ನೋಡಿ. ಬಾಟಲಿಯಿಂದಾಗುವ ಹುಳುಕು ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಕೆಳಗಿನವುಗಳಿಗೆ ನಾಲಿಗೆಯ ರಕ್ಷಣೆ ಇರುತ್ತದೆ. ವಸಡಿನ ಅಂಚಿಗೆ ಸುಣ್ಣ ಬಳಿದಂತೆ ಮಂಕಾದ ಬಿಳಿ ಗೆರೆ ಕಂಡರೆ ಅದೇ ಮೊದಲ ಸೂಚನೆ. ಈ ಹಂತದಲ್ಲಿ ನೋವಿರುವುದಿಲ್ಲ, ಕುಳಿಯೂ ಬಿದ್ದಿರುವುದಿಲ್ಲ. ದಂತವೈದ್ಯರು ಫ್ಲೋರೈಡ್ ವಾರ್ನಿಶ್ ಎಂಬ ಲೇಪವನ್ನು ಹಚ್ಚಿ, ಮನೆಯಲ್ಲಿ ಆರೈಕೆ ಸರಿಹೋದರೆ ಹುಳುಕನ್ನು ಅಲ್ಲಿಗೇ ತಡೆಯಬಹುದು. ಗೆರೆ ಕಂದು ಬಣ್ಣಕ್ಕೆ ತಿರುಗಿ ಹಲ್ಲು ಪುಡಿಯಾಗತೊಡಗಿದ ಮೇಲೆ ಚಿಕಿತ್ಸೆ ಅಷ್ಟು ಸುಲಭವಲ್ಲ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕೆಂಬ ಸಲಹೆ ಇರುವುದೂ ಇದೇ ಕಾರಣಕ್ಕೆ.

ಆರನೇ ವಯಸ್ಸಿನ ಸುಮಾರಿಗೆ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಹೊಸ ದವಡೆ ಹಲ್ಲು ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದು ತಿಳಿದು ಕಡೆಗಣಿಸುವವರಿದ್ದಾರೆ. ಅದು ಶಾಶ್ವತ ಹಲ್ಲು. ಅದರ ಆಳವಾದ ಗೆರೆಗಳನ್ನು ಮುಚ್ಚುವ ಸೀಲೆಂಟ್ ಬೇಕೇ ಎಂದು ವೈದ್ಯರನ್ನು ಆಗಲೇ ಕೇಳಿ.