ಹಾಲ್‌ನಲ್ಲಿ ಆರಡಿ ಹವಳದ ಟ್ಯಾಂಕ್: ನನ್ನ ಅನುಭವ

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ತುಂಬಿದರೆ ಸುಮಾರು 680 ಲೀಟರ್. ಅದರಲ್ಲಿ ಹವಳ ಬೆಳೆಸುತ್ತಿದ್ದೇನೆ. ಹೊಸಬರು ಚಿಕ್ಕದರಿಂದ ಶುರು ಮಾಡೋಣ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹವಳಕ್ಕೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ್ದು ಗುಣ ಬದಲಾಗದ ನೀರು. ಐವತ್ತು ಲೀಟರಿನ ತೊಟ್ಟಿಯಲ್ಲಿ ಎರಡು ಲೀಟರ್ ಆವಿಯಾದರೆ ಉಪ್ಪಿನ ಪ್ರಮಾಣ ಥಟ್ಟನೆ ಏರುತ್ತದೆ. 680 ಲೀಟರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಜಾಗವೂ ದುಡ್ಡೂ ಇದ್ದರೆ ದೊಡ್ಡದನ್ನೇ ಕಟ್ಟಿ.

ದೊಡ್ಡದು ಅಂದಮೇಲೆ ಮೊದಲ ಪ್ರಶ್ನೆ ತೂಕದ್ದು. ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿನ ಸಂಪ್ (ನೀರು ಸೋಸುವ ತೊಟ್ಟಿ) ಎಲ್ಲ ಸೇರಿ ಒಂದು ಟನ್ ದಾಟುತ್ತದೆ. ಅಷ್ಟೂ ಭಾರ ಬೀಳುವುದು ಒಂದು ಚದರ ಮೀಟರಿನಷ್ಟು ಜಾಗದ ಮೇಲೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಹೊರುವಂತೆ ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಮಹಡಿ ಮನೆಯವರು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ. ನಮ್ಮದು ನೆಲಮಹಡಿ. ಆದರೂ ಟ್ಯಾಂಕ್ ಇಡುವ ಜಾಗದ ಅಡಿಯಲ್ಲಿ ಕಾವೇರಿ ನೀರಿನ ಸಂಪ್ ಇಲ್ಲ ಅನ್ನುವುದನ್ನು ಮನೆಯ ಪ್ಲ್ಯಾನ್ ತೆಗೆದು ಖಾತ್ರಿ ಮಾಡಿಕೊಂಡೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದು ಹಾಲ್‌ವರೆಗೂ ಚಾಚಿರುತ್ತದೆ.

ಗಾಜು 12 ಮಿಲಿಮೀಟರ್ ದಪ್ಪದ್ದು, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ. ಪೈಪಿಗೆ ತೂತು ಬೇಕಾದ ಹಿಂಬದಿಯ ಗಾಜನ್ನು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ತೆಗೆದುಕೊಳ್ಳಬಾರದು. ಡ್ರಿಲ್ ತಾಗಿದರೆ ಪೂರ್ತಿ ಪುಡಿಯಾಗುತ್ತದೆ.

ಪ್ಲಂಬಿಂಗ್‌ಗೆ ನಾನು ತುಂಬಾ ಸಮಯ ಕೊಟ್ಟೆ, ಕೊಟ್ಟದ್ದು ಸಾರ್ಥಕವಾಯಿತು. ಟ್ಯಾಂಕಿನಿಂದ ನೀರು ಕೆಳಗಿನ ಸಂಪ್‌ಗೆ ಇಳಿಯುತ್ತದೆ, ಅಲ್ಲಿ ಸೋಸಿ ಪಂಪ್ ಮೇಲಕ್ಕೆ ಕಳಿಸುತ್ತದೆ. ಇಳಿಯಲು ಮೂರು ಪೈಪ್ ಹಾಕಿಸಿದೆ. ಮೊದಲನೆಯದು ಗಾಳಿಯೇ ಇಲ್ಲದೆ ತುಂಬಿ ಹರಿಯುತ್ತದೆ, ಅದರ ಬಾಲ್ ವಾಲ್ವ್ ತಿರುಗಿಸಿ ಮಟ್ಟ ಹೊಂದಿಸಬೇಕು. ಎರಡನೆಯದರಲ್ಲಿ ಉಳಿದ ಸ್ವಲ್ಪ ನೀರು ಇಳಿಯುತ್ತದೆ. ಮೂರನೆಯದು ಯಾವಾಗಲೂ ಒಣಗಿರುತ್ತದೆ. ಮೊದಲೆರಡಕ್ಕೆ ಬಸವನಹುಳು ಸಿಕ್ಕಿಕೊಂಡ ದಿನ ಹಾಲ್‌ನ ನೆಲ ಉಳಿಸುವುದು ಅದೇ. ನಮ್ಮ ಪ್ಲಂಬರ್ "ಎರಡು ಟ್ಯಾಂಕ್ ನಿಪ್ಪಲ್ ಸಾಕು ಸಾರ್, ಸುಮ್ನೆ ಯಾಕೆ ಮೂರು?" ಅಂದರು. ಮೂರೂ ಬೇಕು. ಇನ್ನೊಂದು ವಿಷಯ. ಕರೆಂಟ್ ಹೋದಾಗ ಮೇಲಿನ ನೀರು ಒಂದಷ್ಟು ಸಂಪ್‌ಗೆ ಇಳಿದೇ ಇಳಿಯುತ್ತದೆ. ಅಷ್ಟು ಜಾಗ ಅಲ್ಲಿ ಖಾಲಿ ಇರಬೇಕು. ಪಂಪಿನ ಪೈಪಿನಲ್ಲಿ ನೀರಿನ ಮಟ್ಟದ ಸ್ವಲ್ಪ ಕೆಳಗೆ ಚಿಕ್ಕ ತೂತು ಕೊರೆದರೆ, ಗಾಳಿ ಹೊಕ್ಕು ಹಿಂದಕ್ಕೆ ಎಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಮೀನು ತರುವ ಮೊದಲೇ ಮೇನ್ ಆಫ್ ಮಾಡಿ ಇದೆಲ್ಲ ನೋಡಿಬಿಡಿ. ಉಪ್ಪುನೀರು ಮತ್ತು ಕರೆಂಟ್ ಒಂದೇ ಕಡೆ ಇರುವುದರಿಂದ ಈ ಸರ್ಕ್ಯೂಟ್‌ಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕೇ ಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ.

"ಮಂಗಳೂರಿನಿಂದ ಸಮುದ್ರದ ನೀರನ್ನೇ ತರಬಹುದಲ್ವಾ?" ಮನೆಗೆ ಬಂದವರೆಲ್ಲ ಕೇಳುತ್ತಾರೆ. ಮಂಗಳೂರಲ್ಲಿ ನೇತ್ರಾವತಿ, ಗುರುಪುರ ಎರಡೂ ನದಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಅಲ್ಲಿನ ದಡದ ನೀರು ಸಪ್ಪೆ, ಕೆಸರು ಬೇರೆ. ಹವಳಕ್ಕೆ ಲೀಟರಿಗೆ 35 ಗ್ರಾಂ ಉಪ್ಪಿರುವ ನೀರು ವರ್ಷವಿಡೀ ಬೇಕು. ಅದಕ್ಕೇ ಮನೆಯಲ್ಲೇ ಕಲಸುತ್ತೇನೆ. ಮೊದಲ ಸಲ ತುಂಬಲು ಸುಮಾರು 25 ಕಿಲೋ ಉಪ್ಪು ಬೇಕಾಯಿತು. ಇದು ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಸೇರಿದ ಸಮುದ್ರದ ಉಪ್ಪಿನ ಮಿಶ್ರಣ. ಕಲಸುವ ನೀರು ಶುದ್ಧ ಇರಬೇಕು. ಕುಡಿಯುವ ನೀರಿನ ಆರ್‌ಒ ಸಾಲದು. ಅದಾದ ಮೇಲೆ ಉಳಿದ ಲವಣ ಹೀರುವ ಡಿಐ ರೆಸಿನ್ ಹಾಕಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಆರ್‌ಒ ಹೊರಬಿಡುವ ನೀರು ನಮ್ಮಲ್ಲಿ ನೆಲ ಒರೆಸಲು ಹೋಗುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಪ್ರತಿದಿನ ತುಂಬಬೇಕಾದ್ದು ಉಪ್ಪಿಲ್ಲದ ನೀರು. ಫ್ಲೋಟ್ ಸ್ವಿಚ್ ಮತ್ತು ಚಿಕ್ಕ ಪಂಪ್ ಅದನ್ನು ತಾವೇ ನೋಡಿಕೊಳ್ಳುತ್ತವೆ.

ಬಿಸಿಯ ವಿಷಯಕ್ಕೆ ಬರುತ್ತೇನೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ನೀರು ಹೆಚ್ಚು ಕಾಲ ಬಿಸಿಯಾಗಿದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿದ್ದು ಹೀಗೆಯೇ. ಬೆಂಗಳೂರು ತಂಪಿನ ಊರು ಅಂತ ಸುಮ್ಮನಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಕಷ್ಟ. ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಆವಿ ಜಾಸ್ತಿ. ನಾನು ನೀರು ತಂಪು ಮಾಡುವ ಚಿಲ್ಲರ್ ಹಾಕಿ, ಅದನ್ನು ಯುಟಿಲಿಟಿಯಲ್ಲಿ ಇಟ್ಟೆ. ಹಾಲ್‌ನಲ್ಲಿಟ್ಟರೆ ನೀರಿನ ಬಿಸಿಯನ್ನು ಹಾಲ್‌ಗೇ ಊದುತ್ತದೆ. ಡಿಸೆಂಬರ್ ರಾತ್ರಿಗೆ ಹೀಟರ್ ಇದೆ. ವರ್ಷವಿಡೀ 26 ಡಿಗ್ರಿ.

ಕರೆಂಟ್ ಹೋದರೆ ಚಿಲ್ಲರ್ ನಿಂತದ್ದಕ್ಕಿಂತ ನೀರಿನ ಓಟ ನಿಂತದ್ದೇ ದೊಡ್ಡ ಅಪಾಯ. ಮೇಲ್ಮೈ ಕಲಕದಿದ್ದರೆ ಆಮ್ಲಜನಕ ಕರಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಮೀನುಗಳು ಉಸಿರಿಗೆ ಒದ್ದಾಡುತ್ತವೆ. ಮನೆಯ ಇನ್ವರ್ಟರ್‌ಗೆ ಅಲೆ ಎಬ್ಬಿಸುವ ಒಂದು ಪಂಪ್ ಮಾತ್ರ ಸೇರಿಸಿದ್ದೇನೆ. ಅದು ತುಂಬಾ ಹೊತ್ತು ಬರುತ್ತದೆ.

ಇನ್ನು ಹವಳ. ಇಲ್ಲಿ ಕಾನೂನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಇವೆ. ಕಪ್ಪು ಹವಳ, ಸಮುದ್ರದ ಬೀಸಣಿಗೆ, ಕಡಲಕುದುರೆ ಕೂಡ. ಹುಲಿಯೂ ಇರುವುದು ಅದೇ ಅನುಸೂಚಿಯಲ್ಲಿ. ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದನ್ನು ಡೈವ್ ಮಾಡಿ ನೋಡಿ, ಮುಟ್ಟಬೇಡಿ. ಯಾರಾದರೂ "ಲೈವ್ ರಾಕ್" ಅಂತ ಕಡಲಿನ ಹವಳದ ಕಲ್ಲು ತಂದುಕೊಟ್ಟರೆ ಅದೂ ಬೇಡ. ನನ್ನ ಟ್ಯಾಂಕಿನಲ್ಲಿರುವುದು ಸೆರಾಮಿಕ್ ಕಲ್ಲು. ಅದನ್ನು ಮೊದಲು ತಳದ ಗಾಜಿನ ಮೇಲೆ ಕೂರಿಸಿ, ಆಮೇಲೆ ಮರಳು ಹಾಕಿದೆ. ಮರಳಿನ ಮೇಲಿಟ್ಟರೆ ಬಿಲ ತೋಡುವ ಮೀನು ಕಲ್ಲು ಉರುಳಿಸುತ್ತದೆ.

ಹೊಸ ಕಲ್ಲಿನಲ್ಲಿ ಮೀನಿನ ಕೊಳಕಿನ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ. ಅಮೋನಿಯಂ ಕ್ಲೋರೈಡ್ ಹಾಕಿ ಅವುಗಳಿಗೆ ಆಹಾರ ಕೊಟ್ಟೆ. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗುವವರೆಗೆ ವಾರಗಟ್ಟಲೆ ಕಾಯಬೇಕು. ಈ ಅವಧಿಯಲ್ಲಿ ಮೀನು ಬಿಡುವುದು ಹಿಂಸೆ, ಬೇಡ. ಮುಂದೆ ಮರಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ತಾನೇ ಹೋಗುತ್ತದೆ.

ನಾನು ಬೆಳೆಸಿರುವುದು ಮಶ್ರೂಮ್, ಲೆದರ್, ಕ್ಸೇನಿಯಾ, ಜೊವಾಂತಿಡ್. ಎಲ್ಲ ಮೃದು ಜಾತಿ, ಎಲ್ಲವೂ ಬೇರೆ ಹವ್ಯಾಸಿಗಳ ಟ್ಯಾಂಕಿನಲ್ಲಿ ಬೆಳೆದದ್ದರ ತುಂಡುಗಳು. ಗಟ್ಟಿ ಹವಳ ಇಲ್ಲದಿದ್ದರೆ ಅದೇನು ರೀಫ್ (ಹವಳದ ದಿಬ್ಬ) ಅನ್ನುವವರಿದ್ದಾರೆ. ಲೆದರ್ ತನ್ನ ಬೆರಳುಗಳನ್ನೆಲ್ಲ ಚಾಚಿ ಅಲೆಗೆ ತೂಗುವುದನ್ನು ಅವರು ನೋಡಿಲ್ಲ. ಟ್ಯಾಂಕಿನ ದೀಪದ ನೀಲಿ ಬೆಳಕನ್ನು ಶುರುವಿನಲ್ಲಿ ಪೂರ್ತಿಯ ಮೂರನೇ ಒಂದರಷ್ಟು ಇಟ್ಟು, ನಿಧಾನವಾಗಿ ಏರಿಸಿದೆ.

ಕಲ್ಲಿನ ಮೇಲೆ ಹಬ್ಬುವ ನೇರಳೆ ಪಾಚಿಗೂ ಬಸವನಹುಳುವಿನ ಚಿಪ್ಪಿಗೂ ಕ್ಯಾಲ್ಸಿಯಂ ಬೇಕು. ಅದಕ್ಕೆ ಕೊಡುವುದು ಸುಣ್ಣದ ತಿಳಿ. ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆದರೆ ಶುದ್ಧ ಪುಡಿ. ಲೀಟರಿಗೆ ಒಂದೂವರೆ ಗ್ರಾಂ ಕಲಸಿ, ತಿಳಿಯಾದ ಮೇಲೆ ಮೇಲಿನ ನೀರನ್ನಷ್ಟೇ ರಾತ್ರಿ ಹೊತ್ತು ತೊಟ್ಟುತೊಟ್ಟಾಗಿ ಬಿಡಬೇಕು. ಕತ್ತಲಲ್ಲಿ ಟ್ಯಾಂಕಿನ ಪಿಎಚ್ ಇಳಿಯುತ್ತದೆ, ಸುಣ್ಣ ಅದನ್ನು ಹಿಡಿದು ನಿಲ್ಲಿಸುತ್ತದೆ. ಒಟ್ಟಿಗೆ ಸುರಿದರೆ ಅನಾಹುತ. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ, ಕ್ಷಾರತೆ 8 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಆಸುಪಾಸು ನಿಂತಿದೆ.

ಮೀನು ಕಡಿಮೆಯೇ ಸಾಕು. ನಾನು ಹುಡುಕಿದ್ದು ಸಾಕಣೆಯಲ್ಲಿ ಹುಟ್ಟಿದ ಕ್ಲೌನ್‌ಫಿಶ್. ನಮ್ಮ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಇವುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ಯಾವ ಹೊಸ ಮೀನೂ ನೇರ ದೊಡ್ಡ ಟ್ಯಾಂಕಿಗೆ ಹೋಗುವುದಿಲ್ಲ. ಬಿಳಿ ಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿ ಸಿಗಡಿಯನ್ನೂ ಹವಳವನ್ನೂ ಕೊಲ್ಲುತ್ತದೆ. ಹಾಗಾಗಿ ಬೇರೆ ತೊಟ್ಟಿಯಲ್ಲಿಟ್ಟು ವಾರಗಟ್ಟಲೆ ನೋಡಬೇಕು.

ಈಗ ಜೊವಾಂತಿಡ್ ಹಬ್ಬಿ, ತುಂಡು ಮಾಡಿ ಬೇರೆಯವರಿಗೆ ಕೊಡುವ ಹಂತಕ್ಕೆ ಬಂದಿದೆ. ಆ ಕೆಲಸಕ್ಕೆ ಕೈಗವಸು, ಕನ್ನಡಕ ಎರಡೂ ಹಾಕಿಯೇ ಕೂರುತ್ತೇನೆ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇದೆ. ಕತ್ತರಿಸುವಾಗ ಕಣ್ಣಿಗೆ ಹಾರಬಹುದು, ಕೈಯ ಗಾಯದಿಂದ ಒಳಹೋಗಬಹುದು. ಇವು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲು ಬಿಸಿನೀರು ಸುರಿಯುವುದಾಗಲಿ ಕುದಿಸುವುದಾಗಲಿ ಯಾವತ್ತೂ ಮಾಡಬೇಡಿ. ಹಬೆಯೊಂದಿಗೆ ವಿಷ ಮನೆಮಂದಿಯ ಉಸಿರಿಗೆ ಸೇರುತ್ತದೆ. ಹಾಗೆ ಮಾಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ. ಮಕ್ಕಳಿರುವ ಮನೆಯಾದರೆ ಈ ಜಾತಿಯನ್ನೇ ಬಿಟ್ಟು ಮಶ್ರೂಮ್, ಲೆದರ್‌ನಿಂದ ಶುರು ಮಾಡಿ.