ಜೆನೆರಿಕ್ ಹೆಸರಿನ ಚೀಟಿ: ಆಸ್ಪತ್ರೆಯಲ್ಲಿ ನಿಯಮ ಪಾಲನೆಯನ್ನು ಅಳೆಯುವುದು, ಹೆಚ್ಚಿಸುವುದು ಹೇಗೆ?

ಔಷಧಗಳನ್ನು ಕಂಪನಿ ಇಟ್ಟ ಬ್ರಾಂಡ್ ಹೆಸರಿನಲ್ಲಿ ಬರೆಯದೆ, ಜೆನೆರಿಕ್ ಹೆಸರಿನಲ್ಲೇ, ಅಂದರೆ ಔಷಧದ ಮೂಲ ಹೆಸರಿನಲ್ಲೇ ಬರೆಯಬೇಕೆಂದು ಸುತ್ತೋಲೆ ಹೊರಡಿಸುವುದು ಸುಲಭ. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂದು ಚೀಟಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವವರು ಕಡಿಮೆ. ಲೆಕ್ಕವಿಲ್ಲದ ಕಡೆ ಆಡಳಿತವು ವೈದ್ಯರನ್ನು ದೂರುತ್ತದೆ, ವೈದ್ಯರು ಔಷಧದ ಗುಣಮಟ್ಟವನ್ನು ದೂರುತ್ತಾರೆ, ಚೀಟಿಯ ಮೇಲೆ ಬ್ರಾಂಡ್ ಹೆಸರು ಹಾಗೆಯೇ ಮುಂದುವರಿಯುತ್ತದೆ. ಆಸ್ಪತ್ರೆಯ ಔಷಧ ಸಮಿತಿಯು ಈ ಕೆಲಸವನ್ನು ಕ್ರಮಬದ್ಧವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಯಮ ಸ್ಪಷ್ಟವಾಗಲಿ

ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಪ್ರಕಟಿಸುತ್ತಾ ಬಂದಿರುವ, ಔಷಧಗಳ ಅಂತರರಾಷ್ಟ್ರೀಯ ಹೆಸರುಗಳ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಔಷಧಕ್ಕೆ ಪ್ಯಾರಾಸಿಟಮಾಲ್ ಮತ್ತು ಅಸೆಟಮಿನೋಫೆನ್ ಎಂಬ ಎರಡು ಹೆಸರುಗಳು ಬಳಕೆಯಲ್ಲಿರುವಂತಹ ಸಂದರ್ಭದಲ್ಲಿ ಒಂದನ್ನು ಮಾತ್ರ ಆರಿಸಿ ಎಲ್ಲ ವಿಭಾಗಗಳಿಗೂ ತಿಳಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ವಿನಾಯಿತಿಗಳ ಪಟ್ಟಿ. ಅಂಗಾಂಗ ಕಸಿಯಾದವರು ಸೇವಿಸುವ ಟ್ಯಾಕ್ರೊಲಿಮಸ್‌ನ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ನಿಗಾ ಇಲ್ಲದೆ ಬದಲಾದರೆ ರಕ್ತದಲ್ಲಿನ ಮಟ್ಟ ಏರುಪೇರಾಗಿ ಕಸಿಯೇ ವಿಫಲವಾಗಬಹುದು. ಆದ್ದರಿಂದಲೇ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಅದನ್ನು ಬ್ರಾಂಡ್ ಹೆಸರಿನಲ್ಲೇ ಬರೆಯುವಂತೆ ಸೂಚಿಸಿದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಜೀವಕೋಶಗಳಿಂದ ತಯಾರಿಸುವ ಜೈವಿಕ ಔಷಧಗಳು, ನಿಧಾನವಾಗಿ ಬಿಡುಗಡೆಯಾಗುವ ಕೆಲವು ಮಾತ್ರೆಗಳು ಕೂಡ ಇಂತಹ ಎಚ್ಚರಿಕೆಯನ್ನು ಬೇಡುತ್ತವೆ. ವಿನಾಯಿತಿಯೇ ಇಲ್ಲದ ನಿಯಮವನ್ನು ಒಳ್ಳೆಯ ವೈದ್ಯರೇ ಮೊದಲು ಮುರಿಯುತ್ತಾರೆ, ಮತ್ತು ಅವರು ಮುರಿದದ್ದು ಸರಿಯಾಗಿಯೇ ಇರುತ್ತದೆ.

ಚೀಟಿಗಳನ್ನು ಎಣಿಸುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಹೊರತಂದ ಔಷಧ ಬಳಕೆಯ ಸೂಚಕಗಳಲ್ಲಿ ಜೆನೆರಿಕ್ ಹೆಸರಿನ ಪ್ರಮಾಣವೂ ಒಂದು. ಒಂದೇ ಆಸ್ಪತ್ರೆಯ ಸ್ಥಿತಿಯನ್ನು ತಿಳಿಯಲು ಕನಿಷ್ಠ 100 ಚೀಟಿಗಳನ್ನು ತೆಗೆದುಕೊಳ್ಳಬಹುದು. ಅವು ಒಂದೇ ದಿನದ್ದಾಗಿರದೆ ಹಲವು ತಿಂಗಳುಗಳಿಂದ ಯಾದೃಚ್ಛಿಕವಾಗಿ ಆರಿಸಿದವಾಗಿರಬೇಕು.

ಎಣಿಸಬೇಕಾದದ್ದು ಚೀಟಿಗಳನ್ನಲ್ಲ, ಚೀಟಿಯಲ್ಲಿರುವ ಔಷಧಗಳನ್ನು. ಒಂದು ಚೀಟಿಯಲ್ಲಿ ಮೆಟ್‌ಫಾರ್ಮಿನ್, ಅಮ್ಲೋಡಿಪಿನ್ ಮತ್ತು ಅಟೊರ್ವಾಸ್ಟಾಟಿನ್ ತಮ್ಮ ಹೆಸರಿನಲ್ಲೇ ಇದ್ದು, ಆಮ್ಲ ಕಡಿಮೆ ಮಾಡುವ ಮಾತ್ರೆ ಮಾತ್ರ ಬ್ರಾಂಡ್ ಹೆಸರಿನಲ್ಲಿದ್ದರೆ, ಲೆಕ್ಕ ನಾಲ್ಕಕ್ಕೆ ಮೂರು. ಹೀಗೆ ಎಲ್ಲ ಚೀಟಿಗಳ ಜೆನೆರಿಕ್ ಹೆಸರುಗಳನ್ನು ಕೂಡಿಸಿ, ಒಟ್ಟು ಔಷಧಗಳ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿದರೆ ಪಾಲನೆಯ ಶೇಕಡಾವಾರು ಪ್ರಮಾಣ ಸಿಗುತ್ತದೆ. ವಿನಾಯಿತಿ ಪಟ್ಟಿಯ ಔಷಧಗಳನ್ನು ಈ ಲೆಕ್ಕದಿಂದ ಹೊರಗಿಟ್ಟು ಬೇರೆಯಾಗಿ ದಾಖಲಿಸಬೇಕು. ಎಣಿಕೆ ನಡೆಯಬೇಕಾದದ್ದು ವೈದ್ಯರು ಬರೆದ ಮೂಲ ಚೀಟಿಯ ಮೇಲೆ. ಔಷಧಾಲಯದ ಬಿಲ್ಲು ಕೊಟ್ಟದ್ದನ್ನು ಹೇಳುತ್ತದೆಯೇ ಹೊರತು ಬರೆದದ್ದನ್ನಲ್ಲ.

ಬ್ರಾಂಡ್ ಹೆಸರು ಎಲ್ಲಿಂದ ಬರುತ್ತಿದೆ?

ಬ್ರಾಂಡ್ ಹೆಸರಿನಲ್ಲಿ ಬಂದ ಔಷಧಗಳನ್ನು ವಿಭಾಗವಾರು ವಿಂಗಡಿಸಿ ನೋಡಿದರೆ ಎಲ್ಲವೂ ವೈದ್ಯರ ಹಠವಲ್ಲವೆಂದು ತಿಳಿಯುತ್ತದೆ. ಕೆಲವು ಹೊರಗಿನ ತಜ್ಞರ ಹಳೆಯ ಚೀಟಿಯಿಂದ ಹಾಗೆಯೇ ನಕಲಾಗಿರುತ್ತವೆ. ಹಿರಿಯರು ಸುತ್ತಿನ ವೇಳೆ ಬಾಯಲ್ಲಿ ಹೇಳಿದ ಬ್ರಾಂಡನ್ನು ಕಿರಿಯ ವೈದ್ಯರು ಬರೆದುಕೊಂಡಿರುತ್ತಾರೆ. ಎರಡು ಮೂರು ಔಷಧಗಳು ಸೇರಿದ ಮಾತ್ರೆಯಾದರೆ ಉದ್ದನೆಯ ಹೆಸರುಗಳನ್ನು ಬರೆಯುವಷ್ಟು ವ್ಯವಧಾನ ಹೊರರೋಗಿ ವಿಭಾಗದಲ್ಲಿ ಇರುವುದಿಲ್ಲ.

ಗಣಕಯಂತ್ರದಲ್ಲಿ ಚೀಟಿ ಬರೆಯುವ ಕಡೆ, ಮೊದಲ ಮೂರು ಅಕ್ಷರ ಒತ್ತಿದಾಗ ಪರದೆಯ ಮೇಲೆ ಯಾವ ಹೆಸರು ಮೇಲೆ ಬರುತ್ತದೆ ಎಂಬುದನ್ನು ಸಮಿತಿಯವರು ಸ್ವತಃ ಕೂತು ನೋಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗಳ ಜಾಲದಲ್ಲಿ 2014ರಲ್ಲಿ, ವೈದ್ಯರು ಬೇಡವೆಂದು ಗುರುತು ಹಾಕದ ಹೊರತು ಜೆನೆರಿಕ್ ಔಷಧವೇ ಹೋಗುವಂತೆ ತಂತ್ರಾಂಶವನ್ನು ಬದಲಿಸಿದಾಗ, ಜೆನೆರಿಕ್ ಪ್ರಮಾಣವು ಸುಮಾರು ಶೇ 75ರಿಂದ ಶೇ 98ಕ್ಕೆ ಏರಿತು. ಬ್ರಾಂಡ್ ಬರೆಯುವ ಸ್ವಾತಂತ್ರ್ಯವನ್ನು ಯಾರಿಂದಲೂ ಕಸಿದುಕೊಳ್ಳಲಿಲ್ಲ. ಎಷ್ಟು ತರಬೇತಿ ಶಿಬಿರ ನಡೆಸಿದರೂ ಇಂತಹ ಫಲ ಸಿಗುವುದು ಅನುಮಾನ.

ಗುಣಮಟ್ಟದ ಅನುಮಾನಕ್ಕೆ ಉತ್ತರ

ಜೆನೆರಿಕ್ ಮಾತ್ರೆಯಲ್ಲಿ ಔಷಧದ ಪ್ರಮಾಣ ಶೇ 20ರಷ್ಟು ಕಡಿಮೆ ಇರಬಹುದೆಂಬ ಮಾತು ವೈದ್ಯರ ಕೊಠಡಿಗಳಲ್ಲೂ ಕೇಳಿಬರುತ್ತದೆ. ಇದು ಜೆನೆರಿಕ್ ಔಷಧವು ಮೂಲ ಔಷಧಕ್ಕೆ ಸಮವೇ ಎಂದು ನೋಡುವ ಪರೀಕ್ಷೆಯ ಶೇ 80ರಿಂದ 125 ಎಂಬ ಮಿತಿಯನ್ನು ತಪ್ಪಾಗಿ ಓದಿದ್ದರ ಫಲ. ಆ ಮಿತಿ ಮಾತ್ರೆಯೊಳಗಿನ ಔಷಧದ ತೂಕಕ್ಕೆ ಸಂಬಂಧಿಸಿದ್ದಲ್ಲ. ರಕ್ತ ಸೇರುವ ಔಷಧದ ಪ್ರಮಾಣವನ್ನು ಮೂಲ ಔಷಧದೊಂದಿಗೆ ಹೋಲಿಸಿದಾಗ, ಅನುಪಾತದ ಶೇ 90ರ ವಿಶ್ವಾಸ ವ್ಯಾಪ್ತಿಯು (ನಿಜವಾದ ಅನುಪಾತ ಇರಬಹುದಾದ ಅಂದಾಜಿನ ವ್ಯಾಪ್ತಿ) ಇಡಿಯಾಗಿ ಆ ಎರಡು ಗೆರೆಗಳ ನಡುವೆ ಇರಬೇಕೆಂಬುದು ಅದರ ಅರ್ಥ. ಹಾಗಾಗಿ ಸರಾಸರಿಯು ಗೆರೆಯ ಅಂಚಿನಲ್ಲಿ ನಿಂತರೆ ಔಷಧವು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ.

ಆದರೆ ವಿವರಣೆಯೊಂದೇ ಸಾಲದು. ಕಳಪೆ ತಯಾರಿಕೆಗಳು ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲ ಎಂದು ವಾದಿಸಿದರೆ ಯಾರೂ ನಂಬುವುದಿಲ್ಲ. ಯಾವ ತಯಾರಕರಿಂದ ಏಕೆ ಖರೀದಿಸಲಾಗಿದೆ, ಪ್ರಯೋಗಾಲಯದ ವರದಿ ಏನು ಎಂಬುದನ್ನು ಕೇಳಿದ ವೈದ್ಯರಿಗೆ ತೋರಿಸುವ ವ್ಯವಸ್ಥೆ ಇರಬೇಕು. ಅನುಮಾನ ಬಂದ ಔಷಧದ ಬ್ಯಾಚ್ ಸಂಖ್ಯೆಯೊಂದಿಗೆ ದೂರು ಕೊಡಲು ಒಂದು ನಮೂನೆಯೂ ಇರಲಿ.

ಫಲಿತಾಂಶವನ್ನು ತಿಳಿಸುವಾಗ

ಪ್ರತಿಯೊಬ್ಬ ವೈದ್ಯರಿಗೂ ಅವರ ಪ್ರಮಾಣವನ್ನು ವಿಭಾಗದ ಸರಾಸರಿಯ ಜೊತೆಗಿಟ್ಟು ಪ್ರತ್ಯೇಕವಾಗಿ ಕೊಡುವುದು ಸೂಕ್ತ. ಹೆಸರುಗಳನ್ನು ಫಲಕದ ಮೇಲೆ ಹಾಕಿದರೆ ಮುಂದಿನ ಚರ್ಚೆ ಲೆಕ್ಕದ ಮೇಲಲ್ಲ, ಮರ್ಯಾದೆಯ ಮೇಲೆ ನಡೆಯುತ್ತದೆ. ಮರು ಎಣಿಕೆಯನ್ನು ಅದೇ ವಿಧಾನದಲ್ಲಿ, ವಿನಾಯಿತಿ ಪಟ್ಟಿಯನ್ನು ಬದಲಿಸದೆ ಮಾಡಬೇಕು.

ಚೀಟಿಯಲ್ಲಿ ಜೆನೆರಿಕ್ ಹೆಸರು ಬಂದ ಕೂಡಲೇ ತಯಾರಕರನ್ನು ಆರಿಸುವ ಹೊಣೆ ಫಾರ್ಮಸಿಗೆ ದಾಟುತ್ತದೆ. ಪ್ರತಿ ಸಲ ಬೇರೆ ಬಣ್ಣದ ಮಾತ್ರೆ ಕೈಗೆ ಬಂದಾಗ ಹಳೆಯದನ್ನೂ ಹೊಸದನ್ನೂ ಎರಡು ಔಷಧಗಳೆಂದು ತಿಳಿದು ಒಟ್ಟಿಗೆ ನುಂಗುವ ವಯಸ್ಸಾದ ರೋಗಿಗಳಿದ್ದಾರೆ. ಆದ್ದರಿಂದ ದೀರ್ಘಕಾಲದ ಔಷಧಗಳಲ್ಲಿ ತಯಾರಕರನ್ನು ಸಾಧ್ಯವಾದಷ್ಟು ಬದಲಿಸಬಾರದು. ಬದಲಿಸಲೇಬೇಕಾದರೆ ಲಕೋಟೆಯ ಮೇಲೆ ಜೆನೆರಿಕ್ ಹೆಸರನ್ನು ದೊಡ್ಡದಾಗಿ ಬರೆದು, ಹಳೆಯ ಮಾತ್ರೆಯ ಬದಲಿಗೆ ಇದನ್ನು ಕೊಡಲಾಗಿದೆ ಎಂದು ಬಾಯಿಬಿಟ್ಟು ಹೇಳಿಯೇ ಕಳುಹಿಸಬೇಕು.