ಆನ್‌ಲೈನ್‌ನಲ್ಲಿ ಗೋ: ಆರಂಭಿಸುವುದು ಹೇಗೆ, ಮುಗಿಸುವುದು ಹೇಗೆ

ಕಪ್ಪು-ಬಿಳಿ ಕಾಯಿಗಳಿಂದ ಮಣೆಯ ಮೇಲೆ ವಲಯ ಸುತ್ತುವರಿಯುವ ಗೋ ಆಟಕ್ಕೆ ಎದುರಾಳಿ ಸಿಗದವರು ಮೊದಲು ಬ್ರೌಸರ್‌ನಲ್ಲೇ ಆಡಬಹುದಾದ ಓಜಿಎಸ್‌ನಂಥ ಸರ್ವರ್‌ನಲ್ಲಿ ಉಚಿತ ಖಾತೆ ತೆರೆಯಬೇಕು. 1992ರಲ್ಲಿ ಶುರುವಾದ ಇಂಟರ್‌ನೆಟ್ ಗೋ ಸರ್ವರ್ ಕೂಡ ಪಾಂಡಾನೆಟ್ ಎಂಬ ಹೆಸರಿನಲ್ಲಿ ಇಂದಿಗೂ ಇದೆ.

ಪಂದ್ಯ ಕೋರುವಾಗ 19×19 ಗೆರೆಗಳ ಪೂರ್ಣ ಮಣೆಯ ಆಸೆ ಬಿಟ್ಟು 9×9 ಆರಿಸಿಕೊಳ್ಳುವುದು ಲೇಸು. ಕಪ್ಪಿನವರು ಮೊದಲು ಆಡುತ್ತಾರೆ. ಅದಕ್ಕೆ ಪರಿಹಾರವಾಗಿ ಬಿಳಿಯವರಿಗೆ ಕೋಮಿ ಎಂಬ ಹೆಚ್ಚುವರಿ ಅಂಕ ಸಿಗುತ್ತದೆ. ಕಾಯಿಯನ್ನು ಚೌಕದೊಳಗಲ್ಲ, ಗೆರೆಗಳು ಕೂಡುವಲ್ಲಿ ಇಡಬೇಕು. ಒಂಟಿ ಕಾಯಿಗೆ ಮಣೆಯ ನಡುವೆ ನಾಲ್ಕು, ಅಂಚಿನಲ್ಲಿ ಮೂರು, ಮೂಲೆಯಲ್ಲಿ ಎರಡೇ ಉಸಿರು. ಪಕ್ಕದ ಈ ಖಾಲಿ ಬಿಂದುಗಳನ್ನೆಲ್ಲ ಎದುರಾಳಿ ಮುಚ್ಚಿದರೆ ಕಾಯಿ ಸೆರೆಯಾಗುತ್ತದೆ.

ಸಮಯದ ಆಯ್ಕೆಯಲ್ಲಿ ಅವಸರ ಬೇಡ. ಬ್ಯೋಯೋಮಿ ಎಂಬ ಹೆಚ್ಚುವರಿ ಸಮಯದ ಪದ್ಧತಿಯಲ್ಲಿ ಮುಖ್ಯ ಸಮಯ ಮುಗಿದ ಮೇಲೆ 30 ಸೆಕೆಂಡುಗಳ ಐದು ಅವಧಿಗಳಿದ್ದರೆ, 30 ಸೆಕೆಂಡಿನೊಳಗೆ ಆಡಿದಷ್ಟು ಸಲವೂ ಆ ಅವಧಿ ಹಾಗೆಯೇ ಉಳಿಯುತ್ತದೆ. ಮೊಬೈಲ್‌ನಲ್ಲಿ ಆಡುವವರು ನಡೆಯನ್ನು ಖಚಿತಪಡಿಸುವ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಲಿ, ಏಕೆಂದರೆ ಬೆರಳು ಜಾರಿ ಪಕ್ಕದ ಬಿಂದುವಿಗೆ ಬಿದ್ದ ಕಾಯಿಯನ್ನು ಹಿಂಪಡೆಯಲು ಎದುರಾಳಿ ಒಪ್ಪಲೇಬೇಕೆಂದಿಲ್ಲ.

ಹೊಸಬರು ನಿಜಕ್ಕೂ ತಡವರಿಸುವುದು ಆಟದ ಕೊನೆಯಲ್ಲಿ. ಗೋ ತಾನಾಗಿ ಮುಗಿಯುವುದಿಲ್ಲ. ಇನ್ನು ಗಳಿಸಲು ಏನೂ ಉಳಿದಿಲ್ಲವೆಂದು ಇಬ್ಬರೂ ಒಬ್ಬರ ಹಿಂದೊಬ್ಬರು ಪಾಸ್ ಒತ್ತಿ ಸರದಿ ಬಿಟ್ಟುಕೊಟ್ಟಾಗ ಎಣಿಕೆ ಶುರುವಾಗುತ್ತದೆ. ಗಡಿಯಲ್ಲಿ ಬಿರುಕಿದ್ದಾಗಲೇ ಪಾಸ್ ಒತ್ತಿದರೆ ಎದುರಾಳಿ ಅಲ್ಲಿಂದ ಒಳನುಗ್ಗಬಹುದು. ಬಿಳಿಯ ವಲಯದೊಳಗೆ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲಾಗದ, ಎರಡು ‘ಕಣ್ಣು’ (ತಮ್ಮದೇ ಕಾಯಿಗಳು ಸುತ್ತುವರಿದ ಖಾಲಿ ಜಾಗ) ಕಟ್ಟಿಕೊಳ್ಳಲೂ ಆಗದ ಕಪ್ಪು ಕಾಯಿಗಳು ಸಾಮಾನ್ಯವಾಗಿ ಸತ್ತಂತೆಯೇ. ಅವುಗಳನ್ನು ಸುತ್ತುವರಿದು ಎತ್ತಬೇಕಾಗಿಲ್ಲ. ಜಪಾನಿ ನಿಯಮದಲ್ಲಂತೂ ಸ್ವಂತ ವಲಯದೊಳಗೆ ಸುಮ್ಮನೆ ಇಡುವ ಪ್ರತಿ ಕಾಯಿಯೂ ಒಂದು ಅಂಕ ತಿನ್ನಬಹುದು, ಚೀನಿ ನಿಯಮದಲ್ಲಿ ಆ ನಷ್ಟವಿಲ್ಲ. ಹಾಗಾಗಿ ಕಲಿಯುವವರಿಗೆ ಎರಡನೆಯದೇ ಅನುಕೂಲ ಎನ್ನಬೇಕು. ಸತ್ತ ಕಾಯಿಗಳನ್ನು ಸರ್ವರ್ ತಾನೇ ಗುರುತಿಸಿದರೂ ಅದು ಎಡವುವುದುಂಟು. ಮಣೆಯನ್ನು ಒಮ್ಮೆ ಪೂರ್ತಿ ನೋಡಿಯೇ ಒಪ್ಪಿಗೆ ಒತ್ತಬೇಕು; ಭಿನ್ನಾಭಿಪ್ರಾಯ ಬಂದರೆ ಆಟ ಮುಂದುವರಿಸಿ ಮಣೆಯ ಮೇಲೆಯೇ ಇತ್ಯರ್ಥ ಮಾಡಿಕೊಳ್ಳಬಹುದು.

ಆಟದ ನಡುವೆ ಕಂಪ್ಯೂಟರ್ ಎಂಜಿನ್‌ನ ನೆರವು ಪಡೆಯುವುದು ಮೋಸ. ಮುಗಿದ ಮೇಲೆ ಮಾತ್ರ ಕಾಟಾಗೋದಂಥ ಎಂಜಿನ್‌ಗೆ ಪಂದ್ಯವನ್ನು ಒಪ್ಪಿಸಿ, ಅದು ತೋರಿಸುವ ಗೆಲುವಿನ ಸಾಧ್ಯತೆಯ ರೇಖೆ ಥಟ್ಟನೆ ಕುಸಿದ ಒಂದೆರಡು ನಡೆಗಳನ್ನಷ್ಟೇ ಮತ್ತೆ ಆಡಿ ನೋಡಿದರೆ ಸಾಕು.